ಮುಖ ಕಾಣದ ಅಪರಾಧಿ, ಹೆಸರಿಲ್ಲದ ಕ್ಷಮೆ: ಸೈಬರ್ ಅಪರಾಧದ ಕ್ರೈಸ್ತ ಸಸ್ಪೆನ್ಸ್ ಕಾದಂಬರಿಗಳನ್ನು ಓದಿದ ಮೇಲೆ

ಇಂಗ್ಲಿಷಿನಲ್ಲಿ ಕ್ರೈಸ್ತ ಸಸ್ಪೆನ್ಸ್ ಎಂಬ ಹೆಸರಿನಡಿ ಪ್ರಕಟವಾಗುವ ಕಾದಂಬರಿಗಳಲ್ಲಿ ಸೈಬರ್ ಅಪರಾಧವನ್ನು ವಸ್ತುವಾಗಿ ಆರಿಸಿಕೊಂಡವನ್ನು ಕಳೆದ ಎರಡು ವರ್ಷಗಳಿಂದ ಹುಡುಕಿ ಓದುತ್ತಿದ್ದೇನೆ. ಕೆಲವನ್ನು ಮುದ್ರಿತ ಪುಸ್ತಕವಾಗಿ, ಹೆಚ್ಚಿನವನ್ನು ಇ-ಪುಸ್ತಕವಾಗಿ ಓದಿದೆ. ಎರಡು ಮೂರನ್ನು ಆಡಿಯೊ ರೂಪದಲ್ಲಿ ಕೇಳಿದೆ. ಒಂದೊಂದರ ಹೆಸರು ಹೇಳಿ ಅಂಕ ಕೊಡುವುದು ಈ ಬರಹದ ಉದ್ದೇಶವಲ್ಲ. ಈ ಪ್ರಕಾರ ಓದುಗನಿಗೆ ಯಾವ ಮಾತು ಕೊಡುತ್ತದೆ, ಆ ಮಾತನ್ನು ಎಷ್ಟರಮಟ್ಟಿಗೆ ಉಳಿಸಿಕೊಳ್ಳುತ್ತದೆ, ಹಣ ಮತ್ತು ಸಮಯ ಕೊಟ್ಟು ಓದುವವನು ಏನನ್ನು ನಿರೀಕ್ಷಿಸಬಹುದು ಎಂಬುದನ್ನು ಹೇಳುವುದಷ್ಟೇ ನನ್ನ ಬಯಕೆ.

ಈ ಕಾದಂಬರಿಗಳಿಗೆ ಅವುಗಳದೇ ಆದ ಕಟ್ಟುಪಾಡುಗಳಿವೆ. ಅಶ್ಲೀಲ ಮಾತು ಇರುವುದಿಲ್ಲ. ಹಿಂಸೆ ನಡೆದರೂ ಅದರ ರಕ್ತಸಿಕ್ತ ವಿವರಗಳಲ್ಲಿ ಲೇಖಕರು ಕಾಲ ಕಳೆಯುವುದಿಲ್ಲ. ಕನಿಷ್ಠ ಒಂದು ಪಾತ್ರದ ನಂಬಿಕೆಯ ಹೋರಾಟ ಅಪರಾಧದ ತನಿಖೆಯೊಂದಿಗೆ ಹೆಣೆದುಕೊಂಡು ಸಾಗುತ್ತದೆ. ಇವುಗಳಲ್ಲಿ ಬಹುಪಾಲು ಅಮೆರಿಕದ ಇವ್ಯಾಂಜೆಲಿಕಲ್ (ಸುವಾರ್ತೆಗೆ ಒತ್ತು ಕೊಡುವ ಪ್ರೊಟೆಸ್ಟಂಟ್) ಪ್ರಕಾಶನ ಸಂಸ್ಥೆಗಳಿಂದ ಬರುತ್ತವೆ. ಕ್ರೈಸ್ತ ಕಾದಂಬರಿಗಳಿಗೆಂದೇ 2000ದಿಂದ ಕ್ರಿಸ್ಟಿ ಪ್ರಶಸ್ತಿ ಎಂಬುದೊಂದು ಸಲ್ಲುತ್ತಿರುವುದನ್ನು ನೋಡಿದರೆ, ಇದು ಒಂದು ಮೂಲೆಯ ಹವ್ಯಾಸವಲ್ಲ, ಓದುಗರನ್ನೂ ಅಳತೆಗೋಲುಗಳನ್ನೂ ಕಟ್ಟಿಕೊಂಡಿರುವ ಸಾಹಿತ್ಯಪ್ರಕಾರ ಎಂಬುದು ತಿಳಿಯುತ್ತದೆ. ಹೀಗಿರುವಾಗ ಇದನ್ನು ಭಕ್ತಿಯ ರಿಯಾಯಿತಿ ಕೊಟ್ಟು ಓದುವುದು ಇದಕ್ಕೇ ಮಾಡುವ ಅಗೌರವವಾದೀತು.

ನಾನು ಈ ಪುಸ್ತಕಗಳ ಕಡೆಗೆ ತಿರುಗಿದ್ದಕ್ಕೆ ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಯಾರೋ ನನ್ನ ಇಮೇಲ್ ಖಾತೆಯೊಳಗೆ ಹೊಕ್ಕು, ನನ್ನ ಹೆಸರಿನಲ್ಲಿ, ನನ್ನದೇ ಮಾತಿನ ಧಾಟಿಯಲ್ಲಿ, ಪರಿಚಿತರಿಗೆಲ್ಲ ತುರ್ತಾಗಿ ಹಣ ಬೇಕೆಂದು ಬರೆದರು. ಬಹಳ ಹಿರಿಯರೊಬ್ಬರು ನನ್ನ ಮೇಲಿನ ವಿಶ್ವಾಸದಿಂದ ತಮ್ಮ ಉಳಿತಾಯದ ಹಣವನ್ನು ಕಳಿಸಿಬಿಟ್ಟರು. ಹಣ ಹೋಯಿತು, ಕಳ್ಳ ಸಿಗಲಿಲ್ಲ. ಪ್ರತಿದಿನ ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ‘ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ’ ಎಂಬ ಸಾಲಿಗೆ ಬಂದಾಗ ನನ್ನ ನಾಲಿಗೆ ತಡವರಿಸುತ್ತಿತ್ತು. ಯಾರನ್ನು ಕ್ಷಮಿಸುವುದು? ಅವನಿಗೆ ಮುಖವಿಲ್ಲ, ಹೆಸರಿಲ್ಲ, ಒಬ್ಬನೋ ಹತ್ತು ಮಂದಿಯೋ ಅದೂ ಗೊತ್ತಿಲ್ಲ. ಈ ಪ್ರಶ್ನೆಯನ್ನು ಯಾರಾದರೂ ಕಥೆಯಾಗಿ ಎತ್ತಿಕೊಂಡಿರಬಹುದೇ ಎಂದು ಹುಡುಕುತ್ತ ನಾನು ಇಲ್ಲಿಗೆ ಬಂದೆ. ಆದ್ದರಿಂದ ನನ್ನ ಮೆಚ್ಚುಗೆಯೂ ಅಸಮಾಧಾನವೂ ಈ ಒಂದು ಪ್ರಶ್ನೆಯ ಸುತ್ತಲೇ ಇವೆ.

ಮೊದಲು ತಾಂತ್ರಿಕ ವಿವರಗಳ ವಿಷಯ. ಇಲ್ಲಿ ಪುಸ್ತಕದಿಂದ ಪುಸ್ತಕಕ್ಕೆ ಅಜಗಜಾಂತರ. ದುರ್ಬಲ ಕಾದಂಬರಿಗಳಲ್ಲಿ ಹ್ಯಾಕರ್ ಎಂದರೆ ಕತ್ತಲೆ ಕೋಣೆಯಲ್ಲಿ ಕುಳಿತು ಕೀಲಿಮಣೆಯ ಮೇಲೆ ಮಿಂಚಿನಂತೆ ಬೆರಳಾಡಿಸುವ ಮಂತ್ರವಾದಿ. ಮೂರು ನಿಮಿಷದಲ್ಲಿ ಬ್ಯಾಂಕು ಬಾಗಿಲು ತೆರೆಯುತ್ತದೆ. ನಿಜವಾದ ಅಪರಾಧಗಳಲ್ಲಿ ಬಹಳಷ್ಟು ಆರಂಭವಾಗುವುದು ಒಂದು ಸುಳ್ಳು ಇಮೇಲ್‌ನಿಂದ, ಹಲವು ಕಡೆ ಬಳಸಿದ ಒಂದೇ ಪಾಸ್‌ವರ್ಡ್‌ನಿಂದ, ಮನುಷ್ಯನ ಅವಸರದಿಂದ ಅಥವಾ ದಯೆಯಿಂದ. ಒಳ್ಳೆಯ ಕಾದಂಬರಿಕಾರರು ಇದನ್ನು ಬಲ್ಲರು. ಮೋಸಹೋದವಳು ಲಿಂಕನ್ನು ಒತ್ತಿದ ಕ್ಷಣವನ್ನು ಅವರು ಮತ್ತೆ ಮತ್ತೆ ನೆನಪಿಗೆ ತರುತ್ತಾರೆ, ಏಕೆಂದರೆ ಅವಳು ಕಳ್ಳನಿಗಿಂತ ಮೊದಲು ಕ್ಷಮಿಸಬೇಕಾದದ್ದು ತನ್ನನ್ನೇ. ಕದ್ದವನು ಕೈಗೆ ಸಿಗದಿರುವಾಗ ಸಿಟ್ಟು ಹೋಗಿ ಕೂರುವುದು ಮೋಸಹೋದವರ ಸ್ವಂತ ಎದೆಯ ಮೇಲೆಯೇ ಎಂಬುದನ್ನು ಅನುಭವದಿಂದ ಬಲ್ಲ ನನಗೆ ಇಂಥ ಪುಟಗಳು ಬಹಳ ನಿಜವೆನಿಸಿದವು.

ತನಿಖೆಯ ಚಿತ್ರಣಕ್ಕೂ ಇದೇ ಮಾತು ಸಲ್ಲುತ್ತದೆ. ಅಪರಾಧಿಗಳು ಸಿಕ್ಕಿಬೀಳುವುದು ಹೆಚ್ಚಾಗಿ ಅವರದೇ ಸಣ್ಣ ಅಜಾಗರೂಕತೆಯಿಂದ. 2013ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ, ಮಾದಕವಸ್ತುಗಳ ಗುಪ್ತ ಜಾಲತಾಣ ಸಿಲ್ಕ್ ರೋಡ್ ನಡೆಸುತ್ತಿದ್ದ ರಾಸ್ ಉಲ್‌ಬ್ರಿಕ್ಟ್‌ನನ್ನು ಹಿಡಿದ ಬಗೆ ಯಾವ ಕಾದಂಬರಿಗೂ ಕಡಿಮೆಯದಲ್ಲ: ಇಬ್ಬರು ಅಧಿಕಾರಿಗಳು ಜಗಳವಾಡುವಂತೆ ನಟಿಸಿ ಅವನ ಗಮನ ಸೆಳೆದರು, ಅವನು ತಿರುಗಿ ನೋಡಿದ ಗಳಿಗೆಯಲ್ಲಿ ತೆರೆದೇ ಇದ್ದ ಲ್ಯಾಪ್‌ಟಾಪನ್ನು ಮತ್ತೊಬ್ಬರು ಎತ್ತಿಕೊಂಡರು. ವರ್ಷಗಳ ಹಿಂದೆ ತನ್ನ ಹೆಸರಿರುವ ಇಮೇಲ್ ವಿಳಾಸವನ್ನು ಅವನು ಸಾರ್ವಜನಿಕವಾಗಿ ಬರೆದಿಟ್ಟಿದ್ದೇ ಅವನ ಜಾಡು ಹಿಡಿಯಲು ನೆರವಾಗಿತ್ತು. 2021ರಲ್ಲಿ ಅಮೆರಿಕದ ಇಂಧನ ಸಾಗಣೆಯ ಕಲೋನಿಯಲ್ ಪೈಪ್‌ಲೈನ್ ಕಂಪನಿ ತನ್ನ ಕಂಪ್ಯೂಟರ್‌ಗಳನ್ನು ಹಿಡಿದಿಟ್ಟವರಿಗೆ ಒತ್ತೆಹಣವಾಗಿ ತೆತ್ತ 75 ಬಿಟ್‌ಕಾಯಿನ್‌ಗಳಲ್ಲಿ 63.7ನ್ನು ಅಮೆರಿಕದ ನ್ಯಾಯ ಇಲಾಖೆ ಒಂದೇ ತಿಂಗಳಲ್ಲಿ ಮರಳಿ ವಶಪಡಿಸಿಕೊಂಡಿತು, ಏಕೆಂದರೆ ಬಿಟ್‌ಕಾಯಿನ್‌ನ ಪ್ರತಿ ವರ್ಗಾವಣೆಯೂ ಎಲ್ಲರೂ ನೋಡಬಹುದಾದ ಲೆಕ್ಕದಲ್ಲಿ ದಾಖಲಾಗಿರುವುದರಿಂದ ಹಣ ಹೋದ ಜಾಡು ಸಿಕ್ಕಿತ್ತು, ಅದನ್ನಿಟ್ಟ ಖಾತೆಯ ಗುಪ್ತ ಕೀಲಿಯೂ ತನಿಖಾಧಿಕಾರಿಗಳ ಕೈಗೆ ಬಂದಿತ್ತು. ಗುಪ್ತವಾದದ್ದು ಬಯಲಾಗದೆ ಉಳಿಯುವುದಿಲ್ಲ ಎಂಬ ಸುವಾರ್ತೆಯ ಮಾತನ್ನು ಇಷ್ಟು ಸಹಜವಾಗಿ ಹೊರಬಲ್ಲ ವಿವರಗಳು ಕಣ್ಣೆದುರೇ ಇರುವಾಗ, ಎಷ್ಟೋ ಲೇಖಕರು ಅವನ್ನು ಬಿಟ್ಟು ಕೆಂಪು ದೀಪ ಮಿನುಗುವ ಪರದೆಯನ್ನೇ ನೆಚ್ಚಿಕೊಳ್ಳುವುದು ಬೇಸರದ ಸಂಗತಿ.

ಈ ಪುಸ್ತಕಗಳನ್ನು ಮೇಲೆತ್ತುವುದೂ ಮುಳುಗಿಸುವುದೂ ಕ್ಷಮೆಯ ನಿರ್ವಹಣೆಯೇ. ಆದ್ದರಿಂದ ಅದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಹಲವು ಕಾದಂಬರಿಗಳು ಒಂದೇ ಜಾಡಿನಲ್ಲಿ ಸಾಗುತ್ತವೆ. ಮುನ್ನೂರು ಪುಟಗಳವರೆಗೆ ಕಳ್ಳತನ, ಬೆದರಿಕೆ, ಬೆನ್ನಟ್ಟುವಿಕೆ. ಕೊನೆಯ ಮೂವತ್ತು ಪುಟಗಳಲ್ಲಿ ಬಂಧನ, ಕಣ್ಣೀರು, ಒಂದು ಪ್ರಾರ್ಥನೆ, ಒಂದು ಅಪ್ಪುಗೆ. ಕ್ಷಮೆ ಎಂಬುದು ಕಥೆಯ ಬಾಗಿಲು ಮುಚ್ಚಲು ಬಳಸಿದ ಚಿಲಕವಾಗುತ್ತದೆ. ಹೀಗೆ ಬರೆದವರು ತಮ್ಮ ಧರ್ಮಗ್ರಂಥವನ್ನೇ ಅವಸರದಲ್ಲಿ ಓದಿದ್ದಾರೆ ಎಂದು ನನಗನ್ನಿಸುತ್ತದೆ. ‘ಏಳೆಪ್ಪತ್ತು ಸಾರಿ’ ಕ್ಷಮಿಸಬೇಕೆಂದು ಶಿಷ್ಯ ಪೇತ್ರನಿಗೆ ಉತ್ತರಿಸಿದ ಯೇಸು ಅದರ ಬೆನ್ನಿಗೇ ಹೇಳುವ ಸಾಮ್ಯ (ದೃಷ್ಟಾಂತ ಕಥೆ), ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿರುವುದು, ಸಾಲದ ಲೆಕ್ಕದ ಕಥೆ. ಒಬ್ಬನ ಮೇಲೆ ಹತ್ತು ಸಾವಿರ ತಲಾಂತುಗಳ ಸಾಲ. ಅರಸ ಅದನ್ನು ಮನ್ನಾ ಮಾಡುತ್ತಾನೆ. ಆದರೆ ಮನ್ನಾ ಪಡೆದವನು ತನಗೆ ನೂರು ದಿನಾರಿ ಕೊಡಬೇಕಾದ ಇನ್ನೊಬ್ಬನನ್ನು ಸೆರೆಗೆ ಹಾಕಿಸುತ್ತಾನೆ. ಒಂದು ದಿನಾರಿ ಕೂಲಿಯವನ ಒಂದು ದಿನದ ಗಳಿಕೆ, ಒಂದು ತಲಾಂತು ಸುಮಾರು ಆರು ಸಾವಿರ ದಿನಾರಿ. ಅಂದರೆ ಮೊದಲನೆಯವನ ಸಾಲ ಸುಮಾರು ಆರು ಕೋಟಿ ದಿನಗಳ ಕೂಲಿ. ಎಷ್ಟು ಜನ್ಮ ದುಡಿದರೂ ತೀರದ್ದು. ಹಾಗಿದ್ದರೂ ಎರಡನೆಯವನ ನೂರು ದಿನಾರಿ ಚಿಲ್ಲರೆಯೇನೂ ಅಲ್ಲ, ಮೂರು ತಿಂಗಳಿಗೂ ಮಿಕ್ಕ ದುಡಿಮೆ. ನಷ್ಟ ಸಣ್ಣದೆಂದು ಸಾಮ್ಯ ಎಲ್ಲಿಯೂ ಹೇಳುವುದಿಲ್ಲ. ಲೆಕ್ಕವನ್ನು ಪೂರ್ತಿ ಓದಿದ ಮೇಲೆಯೇ ಅದನ್ನು ಮನ್ನಾ ಮಾಡಲಾಗುತ್ತದೆ. ಬಹುಪಾಲು ಕಾದಂಬರಿಗಳು ಲೆಕ್ಕ ಓದುವ ಕೆಲಸವನ್ನೇ ಹಾರಿಸಿಬಿಡುತ್ತವೆ. ಖಾತೆಯಿಂದ ಹೋದ ಹಣ ಯಾರ ಚಿಕಿತ್ಸೆಗೆ ಇಟ್ಟದ್ದು, ಯಾರ ಓದಿಗೆ ಕೂಡಿಟ್ಟದ್ದು, ಅದರಿಂದ ಯಾವ ಮನೆಯಲ್ಲಿ ಯಾರು ಯಾರೊಂದಿಗೆ ಮಾತು ಬಿಟ್ಟರು ಎಂಬುದನ್ನು ಹೇಳದೆ ಕ್ಷಮೆಗೆ ಧಾವಿಸಿದರೆ, ಏನನ್ನು ಮನ್ನಾ ಮಾಡಲಾಯಿತು ಎಂಬುದೇ ಓದುಗನಿಗೆ ತಿಳಿಯುವುದಿಲ್ಲ.

ಮರಳಿಸುವಿಕೆಯ ವಿಷಯದಲ್ಲೂ ಇದೇ ಅವಸರ. ಸುಂಕದ ಅಧಿಕಾರಿ ಜಕ್ಕಾಯನು ಯೇಸುವನ್ನು ನೋಡಲು ಹತ್ತಿದ್ದ ಮರದಿಂದ ಇಳಿದು ಬಂದವನು ಕೇವಲ ಅತ್ತು ಸುಮ್ಮನಾಗಲಿಲ್ಲ. ಅನ್ಯಾಯವಾಗಿ ಪಡೆದದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಮಾತುಕೊಟ್ಟ. ಮೋಶೆಯ ಧರ್ಮಶಾಸ್ತ್ರವೂ, ಅರಣ್ಯಕಾಂಡದ 5ನೆಯ ಅಧ್ಯಾಯದಲ್ಲಿ, ತಪ್ಪನ್ನು ಒಪ್ಪಿಕೊಂಡವನು ಮೂಲಧನದೊಂದಿಗೆ ಐದನೆಯ ಒಂದು ಪಾಲನ್ನು ಸೇರಿಸಿ ಕೊಡಬೇಕೆನ್ನುತ್ತದೆ. ನಾನು ಓದಿದವುಗಳಲ್ಲಿ ನಿಜಕ್ಕೂ ಮನಸ್ಸಿಗೆ ನಾಟಿದ ಕಾದಂಬರಿಗಳೆಲ್ಲವೂ ಈ ಸೂಕ್ಷ್ಮವನ್ನು ಹಿಡಿದಿವೆ. ಅವುಗಳ ಅಪರಾಧಿ ತಾನು ಬರೆದ ಪ್ರೋಗ್ರಾಮಿನ ಕೀಲಿಯನ್ನು ಒಪ್ಪಿಸುತ್ತಾನೆ, ತನ್ನಿಂದ ಮೋಸಹೋದವರ ಪಟ್ಟಿಯ ಮುಂದೆ ಕುಳಿತು ಒಂದೊಂದೇ ಹೆಸರನ್ನು ಓದುತ್ತಾನೆ, ಶಿಕ್ಷೆ ಕಡಿಮೆಯಾಗಲೆಂಬ ಲೆಕ್ಕಾಚಾರ ಎಲ್ಲಿ ಮುಗಿದು ಮಾನಸಾಂತರ ಎಲ್ಲಿ ಆರಂಭವಾಯಿತೆಂದು ಅವನಿಗೇ ಸ್ಪಷ್ಟವಿರುವುದಿಲ್ಲ. ಆ ಅಸ್ಪಷ್ಟತೆಯೇ ಒಂದು ಬಗೆಯ ಸಸ್ಪೆನ್ಸ್; ಬೆನ್ನಟ್ಟುವ ಕಾರಿನ ದೃಶ್ಯಕ್ಕಿಂತ ಅದು ನನ್ನನ್ನು ಹೆಚ್ಚು ಹೊತ್ತು ಎಚ್ಚರವಾಗಿಟ್ಟಿತು.

ಆದರೆ ಸೈಬರ್ ಅಪರಾಧ ಇಲ್ಲಿ ಜಕ್ಕಾಯನ ಕಾಲಕ್ಕಿಲ್ಲದ ಒಂದು ಕಷ್ಟವನ್ನು ತಂದಿಡುತ್ತದೆ. ಹಣವನ್ನು ಹಿಂದಿರುಗಿಸಬಹುದು, ಬಯಲಾದ ಗುಟ್ಟನ್ನು ಹಿಂದಿರುಗಿಸಲಾಗದು. ಫಿನ್‌ಲೆಂಡಿನ ವಾಸ್ತಾಮೊ ಎಂಬ ಮನೋಚಿಕಿತ್ಸಾ ಸಂಸ್ಥೆಯ ಪ್ರಕರಣ ಇದಕ್ಕೆ ಅತ್ಯಂತ ನೋವಿನ ಉದಾಹರಣೆ. ಸುಮಾರು 33,000 ಮಂದಿ ತಮ್ಮ ಚಿಕಿತ್ಸಕರ ಮುಂದೆ ಹೇಳಿಕೊಂಡ ಮಾತುಗಳ ಟಿಪ್ಪಣಿಗಳನ್ನು ಕದ್ದ ವ್ಯಕ್ತಿ, 2020ರಲ್ಲಿ ಮೊದಲು ಸಂಸ್ಥೆಯಿಂದ ಹಣ ಕೇಳಿ, ಅದು ಸಿಗದಾಗ ಅಕ್ಟೋಬರ್‌ನಲ್ಲಿ ರೋಗಿಗಳಿಗೇ ನೇರವಾಗಿ ಇಮೇಲ್ ಕಳಿಸಿ, 200 ಯೂರೊ ಕೊಡದಿದ್ದರೆ ನಿಮ್ಮ ಟಿಪ್ಪಣಿಗಳನ್ನು ಪ್ರಕಟಿಸುತ್ತೇನೆಂದು ಬೆದರಿಸಿದ. 2024ರಲ್ಲಿ ನ್ಯಾಯಾಲಯ ಅಪರಾಧಿಯೊಬ್ಬನಿಗೆ ಆರು ವರ್ಷ ಮೂರು ತಿಂಗಳ ಸೆರೆವಾಸ ವಿಧಿಸಿತು; ಅವನು ವಿಚಾರಣೆಯಲ್ಲಿ ಆರೋಪವನ್ನು ಒಪ್ಪಿಕೊಂಡಿರಲಿಲ್ಲ. ಪಾಪನಿವೇದನೆಯ ಗುಟ್ಟನ್ನು ಪವಿತ್ರವೆಂದು ಕಾಯ್ದುಕೊಂಡು ಬಂದ ಪರಂಪರೆಯೊಂದಕ್ಕೆ ಇದಕ್ಕಿಂತ ಹತ್ತಿರದ ಕಥಾವಸ್ತು ಬೇರೆ ಯಾವುದಿದೆ? ಚರ್ಚಿನ ಸಭಾಪಾಲಕರ ಆಪ್ತಸಲಹೆಯ ಕಡತಗಳು ಕಳುವಾಗುವ ಕಥೆಯನ್ನು ಈ ಪ್ರಕಾರ ಮುಟ್ಟಿದಾಗ ಅದರ ಬರವಣಿಗೆ ಕೂಡಲೇ ಗಂಭೀರವಾಗುತ್ತದೆ. ಊರಿಗೆಲ್ಲ ಗೊತ್ತಾದ ಮೇಲೆ ಸಭೆಯ ಬಾಗಿಲಿಗೆ ಬರುವ ಹೆಂಗಸು, ಅವಳತ್ತ ನೋಡುವ ಕಣ್ಣುಗಳು, ಕಳ್ಳನಿಗಿಂತ ಹೆಚ್ಚಾಗಿ ಓದಿದವರನ್ನು ಕ್ಷಮಿಸಬೇಕಾದ ಅವಳ ಸಂಕಟ: ಇಂಥ ಅಧ್ಯಾಯಗಳು ಎಲ್ಲಿ ಸಿಕ್ಕಿದರೂ ನಾನು ನಿಧಾನವಾಗಿ, ಎರಡು ಸಲ ಓದಿದ್ದೇನೆ. ಈ ದಿಕ್ಕಿನಲ್ಲಿ ಬರೆದವರು ಇನ್ನೂ ಕಡಿಮೆ ಎಂಬುದು ನನ್ನ ದೊಡ್ಡ ದೂರು.

ಅಪರಾಧಿಯ ಕಡೆಯಿಂದ ಬರೆದ ಕಥೆಗಳು ಒಟ್ಟಾರೆ ಮೇಲು. ಬಹುಶಃ ವಾಸ್ತವದಲ್ಲೇ ಅಂಥ ಬದುಕುಗಳು ಇರುವುದರಿಂದ ಲೇಖಕರಿಗೆ ಹಾದಿ ಕಾಣುತ್ತದೆ. 1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಅಂತರ್ಜಾಲದಲ್ಲಿ ಬಿಟ್ಟ ‘ಹುಳು’, ಅಂದರೆ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನಾಗಿ ಹರಡುವ ಪ್ರೋಗ್ರಾಮು, ಅವನೆಣಿಸಿದ್ದಕ್ಕಿಂತ ಎಷ್ಟೋ ವೇಗವಾಗಿ ಹಬ್ಬಿತು. ಗಾಬರಿಗೊಂಡ ಅವನ ಪರವಾಗಿ ಗೆಳೆಯನೊಬ್ಬ ಹೆಸರು ಹಾಕದೆ ಕ್ಷಮೆ ಕೋರಿ, ಹುಳುವನ್ನು ತಡೆಯುವ ಉಪಾಯವನ್ನೂ ಬರೆದು ಸಂದೇಶ ಕಳಿಸಿದ. ಆದರೆ ಹುಳುವಿನ ಹಾವಳಿಯಿಂದ ಜಾಲವೇ ಕಟ್ಟಿಕೊಂಡಿದ್ದರಿಂದ ಅದು ಸಮಯಕ್ಕೆ ತಲುಪಲಿಲ್ಲ. ತಪ್ಪು ತಾನಾಗಿ ಓಡಿತು, ಕ್ಷಮಾಯಾಚನೆ ಮಾತ್ರ ಅದೇ ದಾರಿಯಲ್ಲಿ ಸಿಕ್ಕಿಹಾಕಿಕೊಂಡಿತು. ಮಾರಿಸ್‌ಗೆ ಮೂರು ವರ್ಷಗಳ ಪ್ರೊಬೇಷನ್, 400 ಗಂಟೆಗಳ ಸಮುದಾಯ ಸೇವೆ ಮತ್ತು 10,050 ಡಾಲರ್ ದಂಡವಾಯಿತು. ಮುಂದೆ ಅವನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ. 2017ರ ಮೇ 12ರಂದು ವನ್ನಾಕ್ರೈ ಎಂಬ ಒತ್ತೆಹಣದ ತಂತ್ರಾಂಶ ಬ್ರಿಟನ್ನಿನ ಆಸ್ಪತ್ರೆಗಳನ್ನೂ ಸೇರಿಸಿ ಜಗತ್ತಿನ ಅನೇಕ ದೇಶಗಳ ಕಂಪ್ಯೂಟರ್‌ಗಳನ್ನು ಹಿಡಿದಿಟ್ಟಾಗ, ಒಂದು ಜಾಲವಿಳಾಸವನ್ನು ನೋಂದಾಯಿಸಿ ಅದರ ಹರಡುವಿಕೆಯನ್ನು ನಿಲ್ಲಿಸಿದವನು ಮಾರ್ಕಸ್ ಹಚಿನ್ಸ್ ಎಂಬ ತರುಣ. ಮೂರೇ ತಿಂಗಳಲ್ಲಿ ಅವನನ್ನು ಅಮೆರಿಕದಲ್ಲಿ ಬಂಧಿಸಲಾಯಿತು, ಏಕೆಂದರೆ ಹದಿಹರೆಯದಲ್ಲಿ ಅವನು ಬ್ಯಾಂಕ್ ಖಾತೆಗಳನ್ನು ದೋಚುವ ತಂತ್ರಾಂಶವನ್ನು ಬರೆದಿದ್ದ. 2019ರಲ್ಲಿ ಅವನು ತಪ್ಪೊಪ್ಪಿಕೊಂಡ. ನ್ಯಾಯಾಧೀಶರು ಅವನು ಆಗಲೇ ಕಳೆದ ಬಂಧನದ ಅವಧಿಯನ್ನೇ ಶಿಕ್ಷೆಯೆಂದು ಪರಿಗಣಿಸಿ, ಒಂದು ವರ್ಷದ ನಿಗಾವಣೆಯನ್ನಷ್ಟೇ ವಿಧಿಸಿದರು. ಒಬ್ಬನೇ ಮನುಷ್ಯ ದೋಚಿದವನೂ ಹೌದು, ಕಾಪಾಡಿದವನೂ ಹೌದು. ಎರಡನೆಯದು ಮೊದಲನೆಯದನ್ನು ಅಳಿಸುತ್ತದೆಯೇ ಎಂಬ ಪ್ರಶ್ನೆಗೆ ಸುಲಭದ ಉತ್ತರ ಕೊಡದ ಕಾದಂಬರಿಗಳನ್ನು ನಾನು ಗೌರವಿಸುತ್ತೇನೆ. ಪುಣ್ಯಕಾರ್ಯದಿಂದ ಸಾಲ ತೀರುವುದಿಲ್ಲ, ಕೃಪೆಯಿಂದಲೇ ತೀರಬೇಕು ಎಂದು ನಂಬುವ ಲೇಖಕರಿಗೆ ಈ ಪ್ರಶ್ನೆ ಇನ್ನಷ್ಟು ಚುರುಕಾಗಿ ತಟ್ಟಬೇಕು. ತಟ್ಟಿದ ಕಡೆ ಬರವಣಿಗೆಯ ಮಟ್ಟವೇ ಬೇರೆ.

ಇನ್ನು ಒಂದು ಗಂಭೀರ ಆಕ್ಷೇಪ. ಕೆಲವು ಕಾದಂಬರಿಗಳಲ್ಲಿ ಸಭಾಪಾಲಕರೋ ಹಿರಿಯರೋ ಮೋಸಹೋದವರಿಗೆ ಬೇಗ ಕ್ಷಮಿಸುವಂತೆ ಒತ್ತಾಯಿಸುತ್ತಾರೆ, ದೂರು ಕೊಡುವುದು ಅಪನಂಬಿಕೆಯ ಲಕ್ಷಣವೆಂಬಂತೆ ಮಾತಾಡುತ್ತಾರೆ, ಮತ್ತು ಕಥೆ ಅದನ್ನು ಪ್ರಶ್ನಿಸದೆ ಮುಂದೆ ಸಾಗುತ್ತದೆ. ಇದು ಅಪಾಯಕಾರಿ. ದೂರು ದಾಖಲಾಗದ ಮೋಸ ಮರುದಿನ ಮತ್ತೊಬ್ಬರ ಮನೆಯಲ್ಲಿ ನಡೆಯುತ್ತದೆ. ಆ ಮತ್ತೊಬ್ಬರ ಪರವಾಗಿ ಕ್ಷಮಿಸುವ ಹಕ್ಕು ನಮಗಿಲ್ಲ. ಸರ್ಕಾರ ಕೊಡುವ ಮಾಫಿಯೂ ನೊಂದವರು ಕೊಡುವ ಕ್ಷಮೆಯೂ ಬೇರೆ ಬೇರೆ. ಮೇಲೆ ಹೇಳಿದ ಉಲ್‌ಬ್ರಿಕ್ಟ್‌ಗೆ 2015ರಲ್ಲಿ ಜೀವಾವಧಿ ಶಿಕ್ಷೆಯಾಗಿ, 2025ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರಿಂದ ಪೂರ್ಣ ಕ್ಷಮಾದಾನ ಸಿಕ್ಕಿತು. ಕಾನೂನಿನ ಮಟ್ಟಿಗೆ ಆ ಪ್ರಕರಣ ಅಲ್ಲಿಗೆ ಮುಗಿಯಿತು. ಅವನ ತಾಣದಿಂದ ತರಿಸಿದ ಮಾದಕವಸ್ತುವಿನಿಂದ ಮಕ್ಕಳನ್ನು ಕಳೆದುಕೊಂಡ ಮನೆಗಳಲ್ಲಿ ಅದು ಮುಗಿಯಿತೋ ಇಲ್ಲವೋ ಎಂದು ಯಾವ ಸಹಿಯೂ ತೀರ್ಮಾನಿಸಲಾರದು. ಮನಸ್ಸಿನಲ್ಲಿ ದ್ವೇಷ ಬಿಟ್ಟವಳು ನ್ಯಾಯಾಲಯದಲ್ಲಿ ಸಾಕ್ಷಿ ಹೇಳಬಹುದು ಎಂಬುದನ್ನು ತೋರಿಸಿದ ಕಾದಂಬರಿಗಳು ಎರಡೋ ಮೂರೋ ನನಗೆ ಸಿಕ್ಕಿವೆ. ಯಾರಿಗಾದರೂ ಉಡುಗೊರೆಯಾಗಿ ಕೊಡುವಾಗ ನಾನು ಆರಿಸುವುದು ಅವುಗಳನ್ನೇ.

ಈ ಎಲ್ಲ ಓದಿನ ನಡುವೆ ಬೈಬಲಿನ ಆದಿಕಾಂಡದ ಯೋಸೇಫನ ಕಥೆಗೆ ಮತ್ತೆ ಮತ್ತೆ ಮರಳಿದೆ. ಅಣ್ಣಂದಿರೇ ದಾಸನಾಗಿ ಮಾರಿದ್ದ ಅವನು ಈಗ ಐಗುಪ್ತದ (ಈಜಿಪ್ಟಿನ) ಅಧಿಕಾರಿ. ಧಾನ್ಯ ಕೊಳ್ಳಲು ಬಂದ ಅಣ್ಣಂದಿರಿಗೆ ಅವನ ಗುರುತಿಲ್ಲ, ಅವನಿಗೆ ಅವರ ಗುರುತಿದೆ. ಅವನು ದುಭಾಷಿಯ ಮೂಲಕ ಮಾತಾಡುತ್ತಾನೆ, ಒಳಕೋಣೆಗೆ ಹೋಗಿ ಅಳುತ್ತಾನೆ, ಕಿರಿಯ ತಮ್ಮ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿಯ ಬಟ್ಟಲನ್ನು ಇರಿಸುತ್ತಾನೆ. ಹಿಂದೊಮ್ಮೆ ತಮ್ಮನೊಬ್ಬನನ್ನು ಮಾರಿದವರು ಇನ್ನೊಬ್ಬ ತಮ್ಮನನ್ನೂ ಬಿಟ್ಟು ಹೋಗುತ್ತಾರೆಯೇ ಎಂದು ನೋಡುವ ಪರೀಕ್ಷೆ ಅದು. ಮಾರಲು ಸೂಚಿಸಿದ್ದ ಯೂದನೇ ‘ಅವನ ಬದಲು ನಾನು ದಾಸನಾಗಿರುತ್ತೇನೆ’ ಎಂದು ಮುಂದೆ ಬಂದ ಮೇಲೆ ಯೋಸೇಫನಿಗೆ ತಡೆದುಕೊಳ್ಳಲಾಗುವುದಿಲ್ಲ; ಆಗ ತನ್ನ ಹೆಸರು ಹೇಳುತ್ತಾನೆ. ಅಪರಾಧಿ ಮುಖ ಮರೆಸಿಕೊಂಡಿರುವ ನಮ್ಮ ಕಾಲದ ಕಥೆಗೆ ಇದು ತಿರುವುಮುರುವಾದ ಮಾದರಿ. ಈ ಪ್ರಕಾರದ ಲೇಖಕರಲ್ಲಿ ಬಲ್ಲವರು ಇದನ್ನು ಒಳ್ಳೆಯ ರೀತಿಯಲ್ಲಿ ಬಳಸಿಕೊಂಡಿದ್ದಾರೆ: ಮೋಸಹೋದವಳೇ ಅಪರಾಧಿಯನ್ನು ಪತ್ತೆಹಚ್ಚಿ, ತನ್ನ ಗುರುತು ಹೇಳದೆ ಅವನೊಂದಿಗೆ ತಿಂಗಳುಗಟ್ಟಲೆ ಪತ್ರವ್ಯವಹಾರ ನಡೆಸಿ, ಅವನು ಬದಲಾಗಿದ್ದಾನೆಯೇ ಎಂದು ಕಾಯುವ ಕಥೆ ಎಷ್ಟು ಬಿಗಿಯಾಗಿ ಸಾಗಬಲ್ಲದೆಂದರೆ, ಅಲ್ಲಿ ಬಂದೂಕಿನ ಅಗತ್ಯವೇ ಬೀಳುವುದಿಲ್ಲ. ಬೈಬಲಿನಲ್ಲಿ ಅಪೊಸ್ತಲ ಪೌಲನು ಫಿಲೆಮೋನನಿಗೆ ಬರೆದ ಪುಟ್ಟ ಪತ್ರವೂ ಇದೇ ಬಗೆಯದು. ಫಿಲೆಮೋನನಿಂದ ಓಡಿಹೋದ ದಾಸ ಒನೇಸಿಮನನ್ನು ಹಿಂದಕ್ಕೆ ಕಳಿಸುತ್ತ, ಅವನು ಏನಾದರೂ ಸಾಲ ತೀರಿಸಬೇಕಾಗಿದ್ದರೆ ಅದನ್ನು ನನ್ನ ಲೆಕ್ಕಕ್ಕೆ ಬರೆದುಕೋ ಎಂದು ಪೌಲನು ಸ್ವಂತ ಕೈಯಿಂದ ಬರೆಯುತ್ತಾನೆ. ಯಜಮಾನನು ಕಡೆಗೆ ಏನು ಮಾಡಿದನೆಂದು ಆ ಪತ್ರ ತಿಳಿಸುವುದಿಲ್ಲ. ಎಲ್ಲ ಎಳೆಗಳನ್ನೂ ಗಂಟುಹಾಕಿಯೇ ಮುಗಿಸಬೇಕೆಂಬ ಹಟವಿರುವ ಲೇಖಕರು ಅದನ್ನೊಮ್ಮೆ ಓದಬೇಕು.

ಭಾಷೆ ಮತ್ತು ಕಟ್ಟಿಕೆಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಸಣ್ಣ ಅಧ್ಯಾಯಗಳು, ಸರಳ ಇಂಗ್ಲಿಷ್, ಪ್ರತಿ ಅಧ್ಯಾಯದ ಕೊನೆಗೊಂದು ಕುತೂಹಲದ ಕೊಂಡಿ. ಪ್ರೇಮಕಥೆಯೊಂದನ್ನು ಬಲವಂತವಾಗಿ ತುರುಕಿದ ಪುಸ್ತಕಗಳಲ್ಲಿ ತನಿಖೆ ಸೊರಗುತ್ತದೆ. ಆಡಿಯೊ ರೂಪದಲ್ಲಿ ಕೇಳುವವರಿಗೆ ಒಂದು ಎಚ್ಚರಿಕೆ: ಚಾಟ್ ಸಂದೇಶಗಳು, ಸರ್ವರ್ ದಾಖಲೆಗಳು ಮತ್ತು ಬಳಕೆದಾರರ ಹೆಸರುಗಳು ಹೆಚ್ಚಿರುವ ಕಾದಂಬರಿಗಳಲ್ಲಿ ಯಾರು ಯಾರಿಗೆ ಬರೆಯುತ್ತಿದ್ದಾರೆಂಬುದು ಕಿವಿಗೆ ಗೊಂದಲವಾಗುತ್ತದೆ, ಅಂಥವನ್ನು ಕಣ್ಣಿನಿಂದಲೇ ಓದುವುದು ಲೇಸು.

ಕ್ರೈಸ್ತರಲ್ಲದ ಓದುಗರಿಗೆ ಇವು ರುಚಿಸುತ್ತವೆಯೇ ಎಂದು ಕೇಳಿದವರುಂಟು. ಪ್ರಾರ್ಥನೆ, ವಾಕ್ಯ, ಸಭೆ ಎಂಬ ಲೋಕದ ಪರಿಚಯವಿಲ್ಲದವರಿಗೆ ಮೊದಲ ಐವತ್ತು ಪುಟ ಸ್ವಲ್ಪ ಹೊರಗಿನದೆನಿಸಬಹುದು. ಆದರೆ ಮೋಸಹೋದ ನೋವಿಗೆ ಮತದ ಗಡಿಯಿಲ್ಲದ್ದರಿಂದ ಒಳ್ಳೆಯ ಕಾದಂಬರಿ ಆ ದೂರವನ್ನು ತಾನೇ ದಾಟಿಸುತ್ತದೆ. ಪುಸ್ತಕ ಆರಿಸುವಾಗ ನಾನೀಗ ಅನುಸರಿಸುವ ಪದ್ಧತಿ ಇಷ್ಟೇ: ಮಾದರಿಯಾಗಿ ಉಚಿತವಾಗಿ ಸಿಗುವ ಮೊದಲ ಪುಟಗಳಲ್ಲಿ ನಷ್ಟ ಅನುಭವಿಸಿದವರ ಮನೆಯನ್ನು ಲೇಖಕರು ತೋರಿಸಿದ್ದಾರೆಯೇ ಎಂದು ನೋಡುತ್ತೇನೆ. ತೋರಿಸಿದ್ದರೆ ಕೊಳ್ಳುತ್ತೇನೆ. ಹ್ಯಾಕರನ ಬೆರಳುಗಳನ್ನಷ್ಟೇ ತೋರಿಸಿದ್ದರೆ ಬಿಡುತ್ತೇನೆ. ಹಣ ಕಳೆದುಕೊಂಡ ಆ ಹಿರಿಯರಿಗೂ ಹೀಗೆ ಆರಿಸಿದ ಒಂದನ್ನು ದೊಡ್ಡ ಅಕ್ಷರದ ಮುದ್ರಣದಲ್ಲಿ ತರಿಸಿಕೊಟ್ಟೆ. ಅವರು ಅದನ್ನು ಅರ್ಧದಲ್ಲಿ ನಿಲ್ಲಿಸಿದ್ದಾರೆ; ಕದ್ದವನ ತಾಯಿ ಬರುವ ಅಧ್ಯಾಯವನ್ನು ಇನ್ನೊಂದು ಸಲ ಓದಿ ಮುಂದಕ್ಕೆ ಹೋಗುತ್ತೇನೆ ಎಂದಿದ್ದಾರೆ.